ಸಿಯೆನಾಗೆ ಮೂರು ಗಂಟೆ ಸಾಕಾ?

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ನಾವು ನಾಲ್ಕು ಜನ ಇಟಲಿಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, 10 ವರ್ಷದ ಮಗಳು, 68 ವರ್ಷದ ನಮ್ಮಮ್ಮ. ಫ್ಲಾರೆನ್ಸ್‌ನಲ್ಲಿ ನಾಲ್ಕು ರಾತ್ರಿ ಇರುತ್ತೇವೆ. ಅಲ್ಲಿಂದ ಒಂದೇ ದಿನದಲ್ಲಿ ಪೀಸಾ, ಸಿಯೆನಾ ಎರಡನ್ನೂ ತೋರಿಸಿ ವಾಪಸ್ ಕರೆತರುವ ಬಸ್ ಇದೆಯಂತೆ. ಸಿಯೆನಾದಲ್ಲಿ ಮೂರು ಗಂಟೆ ಬಿಡುತ್ತಾರಂತೆ. ಅಷ್ಟು ಸಾಕಾ? ಅಮ್ಮನಿಗೆ ಮಂಡಿನೋವು ಇದೆ. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಗಳಿಗೆ ಚಿತ್ರ ಬಿಡಿಸುವ ಹುಚ್ಚು. ಏನು ಮಾಡೋಣ ಹೇಳಿ. (ಮೈಸೂರಿನ ಓದುಗರೊಬ್ಬರು)

ಉತ್ತರ: ಸಾಕಾಗುವುದಿಲ್ಲ. ಪೀಸಾ ಬಿಟ್ಟುಬಿಡಿ. ಫ್ಲಾರೆನ್ಸ್‌ನ ನಾಲ್ಕು ರಾತ್ರಿಗಳಲ್ಲಿ ಒಂದನ್ನು ಕಡಿಮೆ ಮಾಡಿ, ಆ ರಾತ್ರಿ ಸಿಯೆನಾದಲ್ಲೇ ಉಳಿದುಕೊಳ್ಳಿ. ಒಂದು ದಿನ ಮಧ್ಯಾಹ್ನ ಹೋಗಿ ಮರುದಿನ ಮಧ್ಯಾಹ್ನ ಹೊರಟರೂ ಸರಿ. ಅದೇ 24 ಗಂಟೆ ಸಾಕು.

ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನಾನು ಮೊದಲ ಸಲ ಸಿಯೆನಾಗೆ ಹೋದದ್ದು ಇಂಥದೇ ಒಂದು ಬಸ್ಸಿನಲ್ಲಿ. ಎರಡೂವರೆ ಗಂಟೆ ಕೊಟ್ಟಿದ್ದರು. ಅದರಲ್ಲಿ ಅರ್ಧ ಗಂಟೆ ಶೌಚಾಲಯದ ಸಾಲು, ಮುಕ್ಕಾಲು ಗಂಟೆ ಊಟ. ಉಳಿದ ಹೊತ್ತಿನಲ್ಲಿ ಚೌಕದಲ್ಲಿ ನಾಲ್ಕು ಫೋಟೋ ತೆಗೆದು, ಕೆಥೆಡ್ರಲ್ ಮುಂದೆ ನಿಂತು, ಒಳಗೆ ಹೋಗದೆ ಬಂದೆ. ಬಸ್ ಹೊರಟಾಗ ಸಂಜೆ ಐದು. ಆಮೇಲೆ ಎಷ್ಟೋ ಸಲ ಕನ್ನಡದ ಕುಟುಂಬಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಆಗ ಗೊತ್ತಾಯಿತು, ಸಿಯೆನಾ ಚೆಂದವಾಗುವುದೇ ಐದು ಗಂಟೆಯ ಮೇಲೆ. ಪ್ರವಾಸಿ ಬಸ್ಸುಗಳೆಲ್ಲ ಹೊರಟುಹೋಗಿ, ಊರು ಊರಿನವರ ಕೈಗೆ ವಾಪಸ್ ಬರುವ ಹೊತ್ತು ಅದು.

ಹೋಗುವ ದಾರಿ ಮೊದಲು ಹೇಳಿಬಿಡುತ್ತೇನೆ. ಫ್ಲಾರೆನ್ಸ್‌ನಿಂದ ಸಿಯೆನಾಗೆ ರೈಲೂ ಇದೆ, ಬಸ್ಸೂ ಇದೆ. ನಿಮ್ಮ ತಾಯಿಯವರು ಜೊತೆಗಿರುವುದರಿಂದ ಬಸ್ಸೇ ಒಳ್ಳೆಯದು. ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಕೆಲವು ರೈಲುಗಳಿಗೆ ಎಂಪೋಲಿಯಲ್ಲಿ ಇಳಿದು ಬದಲಾಯಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಸ್ಟೇಷನ್ ಬೆಟ್ಟದ ಕೆಳಗಿದೆ, ಊರು ಮೇಲಿದೆ. ಸ್ಟೇಷನ್ ಎದುರಿನ ಶಾಪಿಂಗ್ ಮಾಲ್ ಒಳಗಿಂದ ಎಸ್ಕಲೇಟರ್‌ಗಳ ಸಾಲೇ ಮೇಲಕ್ಕೆ ಹೋಗುತ್ತದೆ. ಆದರೆ ಅದು ಬಿಡುವುದು ಊರಿನ ಉತ್ತರದ ಬಾಗಿಲ ಹತ್ತಿರ. ಅಲ್ಲಿಂದ ಮತ್ತೆ ಒಳ್ಳೆಯ ನಡಿಗೆ.

ಬಸ್ ಹಾಗಲ್ಲ. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ ಪಕ್ಕದ ಬಸ್ ನಿಲ್ದಾಣದಿಂದ 131ಆರ್ ನಂಬರಿನ ಬಸ್ ಹಿಡಿಯಿರಿ. ಕೊನೆಯ ಆ ಅಕ್ಷರ ‘ರಾಪಿಡಾ’ ಎನ್ನುವುದಕ್ಕೆ, ಅಂದರೆ ವೇಗದ್ದು. ಬರೀ 131 ಎಂದಿದ್ದರೆ ಅದು ಹಳ್ಳಿಹಳ್ಳಿಗೂ ನಿಲ್ಲುವ ಬಸ್. ವೇಗದ ಬಸ್ ಸುಮಾರು ಒಂದೂಕಾಲು ಗಂಟೆಯಲ್ಲಿ ಬೆಟ್ಟದ ಮೇಲೇ, ಪಿಯಾಝಾ ಗ್ರಾಂಶಿ ಎನ್ನುವ ಜಾಗದಲ್ಲಿ ಇಳಿಸುತ್ತದೆ. ಅಲ್ಲಿಂದ ಊರಿನ ದೊಡ್ಡ ಚೌಕಕ್ಕೆ ಹತ್ತು ನಿಮಿಷದ ದಾರಿ, ಅಜ್ಜಿಯ ಹೆಜ್ಜೆಗೆ ಇಪ್ಪತ್ತು ನಿಮಿಷ. ಟಿಕೆಟ್ ಮೊದಲೇ ತೆಗೆದುಕೊಳ್ಳಿ, ಹತ್ತಿದ ತಕ್ಷಣ ಯಂತ್ರಕ್ಕೆ ಹಾಕಿ ಮುದ್ರೆ ಹೊಡೆಸಿ. ಅದನ್ನು ಮರೆತರೆ ದಂಡ ಬೀಳುತ್ತದೆ. ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲ. ಕಾಲು ಗಂಟೆ ಮೊದಲೇ ಹೋಗಿ ಸಾಲಲ್ಲಿ ನಿಂತರೆ ಅಮ್ಮನಿಗೆ ಮುಂದಿನ ಸೀಟು ಸಿಗುತ್ತದೆ. ಭಾನುವಾರ ಬಸ್ಸುಗಳು ಕಡಿಮೆ, ಆದಷ್ಟು ಬೇರೆ ದಿನ ಹೋಗಿ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಬೇಡ. ಕೋಟೆಯೊಳಗೆ ಹೊರಗಿನವರ ಕಾರು ಬಿಡುವುದಿಲ್ಲ. ಕ್ಯಾಮೆರಾ ಇಟ್ಟಿರುತ್ತಾರೆ. ತಪ್ಪಿ ನುಗ್ಗಿದರೆ ದಂಡದ ಚೀಟಿ ಮೈಸೂರಿನವರೆಗೂ ಬರಬಹುದು.

ದೊಡ್ಡ ಸೂಟ್‌ಕೇಸ್‌ಗಳನ್ನು ಫ್ಲಾರೆನ್ಸ್ ಹೋಟೆಲಿನಲ್ಲೇ ಬಿಟ್ಟು, ಒಂದು ರಾತ್ರಿಗೆ ಬೇಕಾದಷ್ಟನ್ನು ಬೆನ್ನುಚೀಲದಲ್ಲಿ ಹಾಕಿಕೊಳ್ಳಿ. ರೂಮು ಕೋಟೆಯ ಒಳಗೇ ಇರಲಿ, ಬಸ್ ಇಳಿಯುವ ಜಾಗಕ್ಕೋ ಸಾನ್ ದೊಮೆನಿಕೋ ಚರ್ಚಿಗೋ ಹತ್ತಿರದಲ್ಲಿ. ಬುಕ್ ಮಾಡುವ ಮೊದಲು ಲಿಫ್ಟ್ ಇದೆಯಾ ಎಂದು ಬರೆದು ಕೇಳಿ. ಎಷ್ಟೋ ಕಡೆ ಕಟ್ಟಡವೇ ಐನೂರು ಆರುನೂರು ವರ್ಷ ಹಳೆಯದು, ಲಿಫ್ಟ್ ಕೂರಿಸಲು ಜಾಗವೇ ಇರುವುದಿಲ್ಲ.

ಇನ್ನು ಊರಿನ ವಿಷಯ. ಸಿಯೆನಾ ನೋಡುವ ಮೊದಲು ಒಂದೇ ಒಂದು ಇಸವಿ ನೆನಪಿಟ್ಟುಕೊಳ್ಳಿ: 1348. ಅಲ್ಲಿ ನೀವು ನೋಡುವುದರಲ್ಲಿ ಬಹಳಷ್ಟು ಒಂದೋ ಅದರ ಹಿಂದಿನದು, ಇಲ್ಲ ಅದರಿಂದಾದದ್ದು.

ಆಗ ಸಿಯೆನಾ ತನ್ನದೇ ಆಳ್ವಿಕೆ ಇದ್ದ ಸ್ವತಂತ್ರ ನಗರ. ಬ್ಯಾಂಕಿನವರು, ವ್ಯಾಪಾರಿಗಳು ತುಂಬಿದ್ದ ಊರು. ರೋಮ್‌ಗೆ ಹೋಗುವ ಯಾತ್ರಿಕರ ದಾರಿಯ ಮೇಲೇ ಇತ್ತು. 1287ರಿಂದ 1355ರವರೆಗೆ ಒಂಬತ್ತು ಜನರ ಒಂದು ಸಮಿತಿ ಊರನ್ನು ಆಳಿತು. ಅವರನ್ನು ‘ಒಂಬತ್ತು ಮಂದಿ’ ಎಂದೇ ಕರೆಯುತ್ತಿದ್ದರು. ಪಿಯಾಝಾ ದೆಲ್ ಕಾಂಪೋ ಎನ್ನುವ ಆ ಚೌಕ ಇದೆಯಲ್ಲ, ಚಿಪ್ಪಿನ ಆಕಾರದಲ್ಲಿ ಇಳಿಜಾರಾಗಿ ಹರಡಿಕೊಂಡಿರುವುದು, ಅದರ ಇಟ್ಟಿಗೆ ನೆಲವನ್ನು ಬಿಳಿ ಕಲ್ಲಿನ ಪಟ್ಟಿಗಳು ಒಂಬತ್ತು ಭಾಗ ಮಾಡಿವೆ. ಆ ಒಂಬತ್ತು ಮಂದಿಯ ಲೆಕ್ಕ ಅದು. ನಿಮ್ಮ ಮಗಳಿಗೆ ಎಣಿಸಲು ಹೇಳಿ.

1348ಕ್ಕೆ ಮೊದಲಿನ ಹತ್ತು ವರ್ಷದಲ್ಲಿ ಅವರ ಹುರುಪು ನೋಡಿ. 1338ರಲ್ಲಿ ಊರಿನ ಅರಮನೆಯಂಥ ಕಚೇರಿಗೆ 88 ಮೀಟರ್ ಎತ್ತರದ ಗೋಪುರ ಶುರು ಮಾಡಿದರು. ಅದೇ ವರ್ಷ ಆ ಕಚೇರಿಯ ಒಳಗೆ ಗೋಡೆಚಿತ್ರ ಬರೆಯಲು ಅಂಬ್ರೋಜೋ ಲೊರೆನ್ಝೆತ್ತಿ ಎನ್ನುವ ಕಲಾವಿದನನ್ನು ಕೂರಿಸಿದರು. 1339ರಲ್ಲಿ ಇನ್ನೂ ದೊಡ್ಡ ನಿರ್ಧಾರ: ಇರುವ ಕೆಥೆಡ್ರಲ್ ಸಾಲದು, ಅದನ್ನು ಶಿಲುಬೆಯಾಕಾರದ ಹೊಸ ಚರ್ಚಿನ ಬರೀ ಅಡ್ಡತೋಳು ಮಾಡಿಕೊಂಡು ಅದಕ್ಕಿಂತ ಎಷ್ಟೋ ದೊಡ್ಡದನ್ನು ಕಟ್ಟೋಣ ಅಂತ. ಆಮೇಲೆ 1348ರಲ್ಲಿ ಪ್ಲೇಗ್ ಬಂತು. ಊರಿನ ಜನರಲ್ಲಿ ಅರ್ಧದಷ್ಟಾದರೂ ಸತ್ತರು. ಅನ್ಯೊಲೋ ದಿ ತೂರಾ ಎನ್ನುವ ಊರಿನವನೊಬ್ಬ ಆ ದಿನಗಳನ್ನು ಬರೆದಿಟ್ಟಿದ್ದಾನೆ. ತನ್ನ ಐದು ಮಕ್ಕಳನ್ನು ತಾನೇ ಕೈಯಾರೆ ಮಣ್ಣು ಮಾಡಿದೆ ಎಂದು ಬರೆಯುತ್ತಾನೆ. ಲೊರೆನ್ಝೆತ್ತಿ ಕೂಡ ಬಹುಶಃ ಅದೇ ಪ್ಲೇಗಿಗೆ ಹೋದ.

ದೊಡ್ಡ ಕೆಥೆಡ್ರಲ್ ಕೆಲಸ ನಿಂತಿತು. ದುಡ್ಡಿಲ್ಲ, ಕೆಲಸದವರಿಲ್ಲ, ಕಟ್ಟಿದ್ದರಲ್ಲೂ ಬಿರುಕು. ಆಮೇಲೆ ಅದು ಮುಂದುವರಿಯಲೇ ಇಲ್ಲ. ಇವತ್ತಿಗೂ ಕೆಥೆಡ್ರಲ್ ಪಕ್ಕದಲ್ಲಿ ಒಂದು ಒಂಟಿ ಗೋಡೆ ಆಕಾಶಕ್ಕೆ ನಿಂತಿದೆ. ಅದು ಹೊಸ ಕೆಥೆಡ್ರಲಿನ ಮುಂಭಾಗವಾಗಬೇಕಿತ್ತು. ಜನ ಅದನ್ನು ಫಾಚ್ಚಾತೋನೆ ಎನ್ನುತ್ತಾರೆ, ‘ದೊಡ್ಡ ಮುಖ’ ಅಂದ ಹಾಗೆ. ಗೋಡೆಗೂ ಹಳೆಯ ಕೆಥೆಡ್ರಲಿಗೂ ನಡುವೆ ಈಗ ಬಯಲು. ಜನ ಅಡ್ಡಾಡುತ್ತಾರೆ, ಪಾರಿವಾಳ ಓಡಾಡುತ್ತವೆ. ಆ ಬಯಲು ಚರ್ಚಿನ ಒಳಾಂಗಣ ಆಗಬೇಕಿತ್ತು ಎಂದು ಗೊತ್ತಿದ್ದು ಅಲ್ಲಿ ನಿಂತರೆ, ಮಾತು ತಾನಾಗೇ ಕಡಿಮೆಯಾಗುತ್ತದೆ. ನಾನು ಜೊತೆಗೆ ಬಂದವರನ್ನೆಲ್ಲ ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ, ಕೆಥೆಡ್ರಲ್ ಒಳಗೆ ಆಮೇಲೆ.

ಈಗ ನಿಮ್ಮ 24 ಗಂಟೆ. ಬೆಳಗ್ಗೆ ಹತ್ತರ ಆಸುಪಾಸಿನ ಬಸ್ ಹಿಡಿದರೆ ಮಧ್ಯಾಹ್ನ ಹನ್ನೆರಡಕ್ಕೆ ರೂಮಿನಲ್ಲಿ ಚೀಲ ಇಟ್ಟು ಊಟಕ್ಕೆ ಹೊರಡಬಹುದು. ಊಟಕ್ಕೆ ತಡ ಮಾಡಬೇಡಿ. ಎರಡೂವರೆಗೆ ಬಹಳಷ್ಟು ಅಡುಗೆಮನೆ ಮುಚ್ಚುತ್ತದೆ, ಮತ್ತೆ ಒಲೆ ಹಚ್ಚುವುದು ಸಂಜೆ ಏಳರ ಮೇಲೆ.

ನಿಮ್ಮ ತಾಯಿಯವರ ಊಟದ ವಿಷಯದಲ್ಲಿ ಸಿಯೆನಾ ಒಳ್ಳೆಯ ಊರು. ಇಲ್ಲಿಯ ಪಾಸ್ತಾ ‘ಪೀಚಿ’. ಕೈಯಲ್ಲಿ ಹೊಸೆದು ಮಾಡುವ ದಪ್ಪ ಶಾವಿಗೆ ಎಂದುಕೊಳ್ಳಿ. ಇಟಲಿಯ ಹಲವು ತಾಜಾ ಪಾಸ್ತಾಗಳಲ್ಲಿ ಮೊಟ್ಟೆ ಇರುತ್ತದೆ, ಆದರೆ ಪೀಚಿ ಬಡವರ ಮನೆಯ ಅಡುಗೆ: ಹಿಟ್ಟು, ನೀರು, ಸ್ವಲ್ಪ ಎಣ್ಣೆ. ಕೆಲವರು ಮೊಟ್ಟೆ ಸೇರಿಸುವುದೂ ಉಂಟು, ಅದಕ್ಕೆ ‘ಸೆನ್ಸಾ ವೋವಾ?’ ಎಂದು ಒಂದು ಮಾತು ಕೇಳಿ. ಮೊಟ್ಟೆ ಇಲ್ಲದ್ದಾ ಎಂದರ್ಥ. ‘ಪೀಚಿ ಆಲ್ಯೋನೆ’ ಎಂದರೆ ಟೊಮೆಟೊ, ಬೆಳ್ಳುಳ್ಳಿ ಹಾಕಿದ್ದು. ನಮ್ಮ ನಾಲಿಗೆಗೆ ತುಂಬ ಹತ್ತಿರ. ‘ಕಾಚೋ ಎ ಪೇಪೆ’ ಎಂದರೆ ಚೀಸ್, ಮೆಣಸಿನ ಪುಡಿ. ಅಲ್ಲಿಯ ಹಳೆಯ ಬಗೆಯ ಚೀಸುಗಳನ್ನು ಕರುವಿನದೋ ಕುರಿಮರಿಯದೋ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ. ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಚೀಸ್ ಬೇಡ ಎನ್ನಿ. ‘ರಿಬೊಲ್ಲೀತಾ’ ಎನ್ನುವುದು ಹಳೆಯ ಬ್ರೆಡ್ಡು, ಸೊಪ್ಪು, ಬಿಳಿ ಕಾಳು ಹಾಕಿ ಕುದಿಸಿ, ಮರುದಿನ ಮತ್ತೆ ಕುದಿಸುವ ಗಟ್ಟಿ ಸಾರು. ಅದನ್ನು ಮಾಂಸದ ನೀರಿನಲ್ಲಿ ಬೇಯಿಸಿಲ್ಲವೇ ಎಂದು ಕೇಳಿಕೊಳ್ಳಿ: ‘ಸೆನ್ಸಾ ಬ್ರೋದೋ ದಿ ಕಾರ್ನೆ?’ ಅಲ್ಲಿಯ ಬ್ರೆಡ್ಡಿಗೆ ಉಪ್ಪು ಇರುವುದಿಲ್ಲ, ಗಾಬರಿಯಾಗಬೇಡಿ. ಟಸ್ಕನಿ ಎನ್ನುವ ಆ ಸೀಮೆಯಲ್ಲೆಲ್ಲ ಹಾಗೇ. ಒಂದು ಪುಟ್ಟ ಡಬ್ಬಿಯಲ್ಲಿ ಚಟ್ನಿಪುಡಿ ಇಟ್ಟುಕೊಂಡಿರಿ, ಆ ಬ್ರೆಡ್ಡು ಆಲಿವ್ ಎಣ್ಣೆ ಜೊತೆಗೆ ಅದು ಬಹಳ ಹೊಂದುತ್ತದೆ. ಬಿಲ್ಲಿನಲ್ಲಿ ‘ಕೊಪೆರ್ತೋ’ ಎಂದು ತಲೆಗೆ ಇಷ್ಟು ಅಂತ ಸೇರಿಸಿರುತ್ತಾರೆ. ಅದು ಮೋಸ ಅಲ್ಲ, ಅಲ್ಲಿಯ ರೂಢಿ.

ಊಟ ಆದ ಮೇಲೆ ಸುಡುವ ಬಿಸಿಲಲ್ಲಿ ಚೌಕಕ್ಕೆ ಹೋಗಬೇಡಿ. ಪಲಾಝೋ ಪುಬ್ಲಿಕೋ, ಅಂದರೆ ಆ ಹಳೆಯ ನಗರ ಕಚೇರಿಯ ಮ್ಯೂಸಿಯಂ ಒಳಗೆ ಹೋಗಿ. ಮೆಟ್ಟಿಲು ಇವೆ, ಕೌಂಟರಿನಲ್ಲಿ ಲಿಫ್ಟ್ ಕೇಳಿ. ಹಾಗೆಯೇ ‘ಸಾಲಾ ದೆಯ್ ನೋವೆ’, ಒಂಬತ್ತು ಮಂದಿಯ ಕೋಣೆ, ತೆರೆದಿದೆಯಾ ಎಂದು ಟಿಕೆಟ್ ತೆಗೆದುಕೊಳ್ಳುವ ಮೊದಲೇ ವಿಚಾರಿಸಿ. ಹಳೆಯ ಚಿತ್ರಗಳಾದ್ದರಿಂದ ಆಗಾಗ ದುರಸ್ತಿ ಕೆಲಸ ಇರುತ್ತದೆ.

ನಿಮ್ಮ ಮಗಳ ಸಲುವಾಗಿ ಈ ಒಂದು ಕೋಣೆಗೆ ಮುಕ್ಕಾಲು ಗಂಟೆ ಇಡಿ. ಲೊರೆನ್ಝೆತ್ತಿ 1338-39ರಲ್ಲಿ ಬರೆದ ಚಿತ್ರ ಇಲ್ಲಿದೆ. ಒಳ್ಳೆಯ ಆಡಳಿತ ಇದ್ದರೆ ಊರು ಹೇಗಿರುತ್ತದೆ, ಕೆಟ್ಟ ಆಡಳಿತ ಇದ್ದರೆ ಏನಾಗುತ್ತದೆ ಎನ್ನುವುದೇ ವಿಷಯ. ಊರು ಆಳುವವರು ಕೂತು ತೀರ್ಮಾನ ಮಾಡುತ್ತಿದ್ದ ಕೋಣೆ ಇದು. ತಲೆ ಎತ್ತಿದರೆ ಸುತ್ತ ಇದೇ ಕಾಣಬೇಕು ಎಂದು ತಾವೇ ಬರೆಸಿಕೊಂಡರು.

ಒಳ್ಳೆಯ ಊರಿನ ಗೋಡೆಯಲ್ಲಿ ಮೇಲ್ಛಾವಣಿಯ ಮೇಲೆ ಗಾರೆ ಕೆಲಸದವರಿದ್ದಾರೆ, ಚಪ್ಪಲಿ ಅಂಗಡಿ ಇದೆ, ಒಬ್ಬ ಮೇಷ್ಟ್ರು ಪಾಠ ಹೇಳುತ್ತಿದ್ದಾರೆ. ನಡುಬೀದಿಯಲ್ಲಿ ಒಂಬತ್ತು ಜನ ಕೈಕೈ ಹಿಡಿದು ಕುಣಿಯುತ್ತಿದ್ದಾರೆ. ಮುಂದಿನ ಇಬ್ಬರು ಕೈ ಎತ್ತಿ ಕಮಾನು ಮಾಡಿದ್ದಾರೆ, ಉಳಿದವರು ಅದರಡಿ ನುಸುಳುತ್ತಿದ್ದಾರೆ. ಕೋಟೆ ಬಾಗಿಲು ದಾಟಿದರೆ ಹೊಲ, ಗುಡ್ಡ, ಕತ್ತೆ ಮೇಲೆ ಮೂಟೆ ಹೇರಿಕೊಂಡು ಬರುವ ರೈತರು. ಕಿಟಕಿಯಿಂದ ಹೊರಗೆ ನೋಡಿದರೆ ಅಂಥದೇ ಗುಡ್ಡಗಳು ಇವತ್ತೂ ಕಾಣುತ್ತವೆ. ಎದುರಿನ ಗೋಡೆಯಲ್ಲಿ ಕೊಂಬು, ಕೋರೆಹಲ್ಲು ಇರುವ ದಬ್ಬಾಳಿಕೆಗಾರ ಕೂತಿದ್ದಾನೆ, ಅವನ ಕಾಲಡಿ ನ್ಯಾಯದೇವತೆಯನ್ನು ಕಟ್ಟಿಹಾಕಲಾಗಿದೆ. ಆ ಗೋಡೆ ತುಂಬ ಹಾಳಾಗಿದೆ, ಬಣ್ಣ ಉದುರಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಡುವಿನ ಗೋಡೆಯಲ್ಲಿ ಎಡಗಡೆ ಕೆಳಗೆ ಕೂತಿರುವ ಒಬ್ಬ ಹೆಂಗಸು. ಹೆಸರು ಕೊಂಕೋರ್ದಿಯಾ, ಒಗ್ಗಟ್ಟು. ನ್ಯಾಯದೇವತೆಯ ತಕ್ಕಡಿಯಿಂದ ಇಳಿದು ಬಂದ ಎರಡು ಎಳೆ ಅವಳ ಕೈಯಲ್ಲಿ ಸೇರುತ್ತವೆ. ಅವಳು ಅದನ್ನು ಊರಿನ 24 ಜನರ ಕೈಗೆ ಕೊಟ್ಟಿದ್ದಾಳೆ, ಅವರು ಆ ಹಗ್ಗ ಹಿಡಿದುಕೊಂಡು ಸಾಲಾಗಿ ನಡೆಯುತ್ತಿದ್ದಾರೆ. ಯಾರಿಗೂ ಹಗ್ಗ ಸುತ್ತಿಲ್ಲ, ಅವರವರೇ ಹಿಡಿದಿದ್ದಾರೆ. ಅವಳ ತೊಡೆಯ ಮೇಲೆ ಏನಿದೆ ಗೊತ್ತಾ? ಬಡಗಿಯ ಉಜ್ಜುಗೊರಡು. ಮರದ ಏರುತಗ್ಗು ಹೆರೆದು ಸಮ ಮಾಡುವ ಆ ಸಾಮಾನು. ಒಗ್ಗಟ್ಟು ಬೇಕೆಂದರೆ ಎದ್ದುಬಂದದ್ದನ್ನು ಹೆರೆಯಬೇಕು ಎನ್ನುವುದನ್ನು ಒಂದು ಕೊರಡಿನಲ್ಲಿ ಹೇಳಿದ್ದಾನೆ. ಒಂದು ಸಲ ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು, ಜೀವನವಿಡೀ ಮರಗೆಲಸ ಮಾಡಿದವರು, ಅದನ್ನು ದೂರದಿಂದಲೇ ಗುರುತು ಹಿಡಿದರು. ಹಿಡಿ ಎಲ್ಲಿ, ಉಳಿ ಎಲ್ಲಿ ಕೂರುತ್ತದೆ ಎಂದು ಗಾಳಿಯಲ್ಲೇ ಕೈಯಾಡಿಸಿ ತೋರಿಸಿದರು. ಅವತ್ತಿನಿಂದ ನಾನು ಆ ಚಿತ್ರ ತೋರಿಸುವಾಗ ಮೊದಲು ಕೊರಡಿನಿಂದಲೇ ಶುರು ಮಾಡುತ್ತೇನೆ.

ಗೋಪುರ ಹತ್ತುವುದು ಬೇಡ. ಸುಮಾರು 400 ಮೆಟ್ಟಿಲು, ಕೆಲವು ಕಡೆ ಭುಜ ತಾಗುವಷ್ಟು ಇಕ್ಕಟ್ಟು, ಮಳೆ ಬಂದರೆ ಮುಚ್ಚುತ್ತಾರೆ. ನೋಟ ಬೇಕಿದ್ದರೆ ನಾಳೆ ಬೆಳಗ್ಗೆ ಬೇರೆ ದಾರಿ ಇದೆ, ಹೇಳುತ್ತೇನೆ.

ಅಮ್ಮ ರೂಮಿಗೆ ಹೋಗಿ ಒಂದು ಗಂಟೆ ಮಲಗಲಿ. ಸಂಜೆ ಐದೂವರೆಗೆ ಎಲ್ಲರೂ ಚೌಕಕ್ಕೆ ಬನ್ನಿ. ಚೌಕಕ್ಕೆ ಇಳಿಯುವ ಓಣಿಗಳು ಹಲವು, ಕೆಲವು ಮೆಟ್ಟಿಲು, ಕೆಲವು ಬರೀ ಇಳಿಜಾರು. ಅಮ್ಮನಿಗೆ ಇಳಿಜಾರಿನದನ್ನು ಹುಡುಕಿ. ಆ ಹೊತ್ತಿಗೆ ಪಡುವಣ ಬಿಸಿಲು ಕಚೇರಿಯ ಇಟ್ಟಿಗೆ ಗೋಡೆಯ ಮೇಲೆ ನೇರ ಬೀಳುತ್ತದೆ. ಮಗಳ ಬಣ್ಣದ ಪೆಟ್ಟಿಗೆಯಲ್ಲಿ ‘ಬರ್ನ್ಟ್ ಸಿಯೆನಾ’ ಎನ್ನುವ ಕೆಂಗಂದು ಟ್ಯೂಬ್ ಇರಬೇಕು ಅಲ್ವಾ? ಆ ಹೆಸರು ಬಂದದ್ದು ಈ ಸೀಮೆಯ ಮಣ್ಣಿನಿಂದ. ಹಸಿ ಮಣ್ಣು ಹಳದಿ ಕಂದು, ಸುಟ್ಟರೆ ಕೆಂಪಗಾಗುತ್ತದೆ. ಆ ಟ್ಯೂಬ್, ಒಂದು ಕುಂಚ, ಒಂದು ಪುಟ್ಟ ಪುಸ್ತಕ ಇಷ್ಟು ತಂದರೆ ಅವಳು ಅಲ್ಲೇ ನೆಲದ ಮೇಲೆ ಕೂತು ಬರೆಯಬಹುದು. ಊರಿನವರೂ ಆ ಇಟ್ಟಿಗೆ ಮೇಲೇ ಕೂರುತ್ತಾರೆ, ಕೆಲವರು ಮಲಗುತ್ತಾರೆ. ಅಮ್ಮನಿಗೆ ನೆಲ ಆಗದಿದ್ದರೆ ಅಂಚಿನ ಕೆಫೆಯಲ್ಲಿ ಒಂದು ಕುರ್ಚಿ. ಅಲ್ಲಿ ಕಾಫಿಗೆ ದುಡ್ಡು ಜಾಸ್ತಿ, ಆದರೆ ಒಂದು ಕಾಫಿಗೆ ಒಂದು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ.

ಚೌಕದ ಮೇಲ್ಗಡೆ ಇರುವ ಕಾರಂಜಿ ಫೋಂತೆ ಗಾಯಾ, ‘ನಲಿವಿನ ಕಾರಂಜಿ’. ಸಿಯೆನಾಗೆ ನದಿ ಇಲ್ಲ. ಬೆಟ್ಟದ ಮೇಲಿನ ಊರಿಗೆ ನೀರು ತರಲು ನೆಲದಡಿ ಸುಮಾರು 25 ಕಿಲೋಮೀಟರ್ ಸುರಂಗ ಕೊರೆದರು. ಅವನ್ನು ಬೊತ್ತೀನಿ ಎನ್ನುತ್ತಾರೆ. 14ನೇ ಶತಮಾನದಲ್ಲಿ ನೀರು ಈ ಚೌಕದವರೆಗೆ ಬಂದಾಗ ಜನ ಹಬ್ಬ ಮಾಡಿದರಂತೆ, ಅದಕ್ಕೇ ಆ ಹೆಸರು. ಈಗ ಕಾಣುವ ಕೆತ್ತನೆಗಳು 1868ರಲ್ಲಿ ಇಟ್ಟ ನಕಲು. ಯಾಕೊಪೋ ದೆಲ್ಲಾ ಕ್ವೆರ್ಚಾ 1419ರಲ್ಲಿ ಮುಗಿಸಿದ ಮೂಲ ಶಿಲ್ಪಗಳನ್ನು ನಾಳೆ ನೋಡುತ್ತೀರಿ.

ಕತ್ತಲಾದ ಮೇಲೆ ಸುಮ್ನೆ ಓಣಿಗಳಲ್ಲಿ ನಡೆಯಿರಿ. ಗೋಡೆಗಳ ಮೂಲೆಯಲ್ಲಿ ತಲೆಯೆತ್ತರಕ್ಕಿಂತ ಮೇಲೆ ಸಣ್ಣ ಫಲಕಗಳು ಕಾಣುತ್ತವೆ: ಒಂದು ಕಡೆ ಬಸವನಹುಳು, ಇನ್ನೊಂದು ಓಣಿಯಲ್ಲಿ ಆಮೆ, ಮತ್ತೊಂದರಲ್ಲಿ ಹೆಬ್ಬಾತು. ಇವು ಕಾಂತ್ರಾದಾಗಳ ಗಡಿ ಗುರುತು. ಊರು 17 ಕೇರಿಗಳಾಗಿ ಹಂಚಿಕೊಂಡಿದೆ. ಇವತ್ತಿನ ಗಡಿಗಳು 1729ರಲ್ಲಿ ಗೊತ್ತಾದದ್ದು. ಪ್ರತಿ ಕೇರಿಗೂ ತನ್ನದೇ ಚರ್ಚು, ತನ್ನದೇ ಬಾವುಟ, ತನ್ನದೇ ಪುಟ್ಟ ಕಾರಂಜಿ. ಮಗು ಹುಟ್ಟಿದರೆ ಆ ಕಾರಂಜಿಯ ನೀರು ಚಿಮುಕಿಸಿ ಕೇರಿಗೆ ಸೇರಿಸಿಕೊಳ್ಳುತ್ತಾರೆ. ‘ತೊರ್ರೆ’, ಅಂದರೆ ಗೋಪುರ, ಎನ್ನುವ ಕೇರಿಯ ಗುರುತು ಬೆನ್ನ ಮೇಲೆ ಗೋಪುರ ಹೊತ್ತ ಆನೆ, ‘ಸೆಲ್ವಾ’ ಕೇರಿಯದು ಮರದ ಕೆಳಗೆ ನಿಂತ ಘೇಂಡಾಮೃಗ. ಮೈಸೂರಿನಿಂದ ಬಂದ ಹುಡುಗಿ ಅಷ್ಟು ದೂರ ಹೋಗಿ ಆನೆ ಹುಡುಕಲಿ, ಚೆನ್ನಾಗಿರುತ್ತದೆ. ಆನೆಯ ಕೇರಿ ಇರುವುದು ಕಚೇರಿಯ ಹಿಂಭಾಗದ ಕಡೆ, ಸಲಿಕೊತ್ತೋ ಎನ್ನುವ ಬೀದಿಯಲ್ಲಿ.

ಪಾಲಿಯೋ ಎನ್ನುವ ಕುದುರೆ ಪಂದ್ಯ ನಡೆಯುವುದು ಈ ಕೇರಿಗಳ ನಡುವೆಯೇ, ಜುಲೈ 2 ಮತ್ತು ಆಗಸ್ಟ್ 16ಕ್ಕೆ, ಅದೇ ಚೌಕದಲ್ಲಿ ಮಣ್ಣು ಹಾಸಿ. 17ರಲ್ಲಿ ಒಂದು ಸಲಕ್ಕೆ ಹತ್ತು ಕೇರಿ ಮಾತ್ರ. ಮೂರು ಸುತ್ತು, ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಗೆದ್ದ ಹಾಗೆ. ನೀವು ಹೋಗುವಾಗ ಪಂದ್ಯ ಇರುವುದಿಲ್ಲ. ನಿಮ್ಮಂಥ ಕುಟುಂಬಕ್ಕೆ ಅದೇ ಒಳ್ಳೆಯದು. ಪಂದ್ಯದ ದಿನ ಚೌಕದ ನಡುವೆ ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಬೇಕು, ಹೊರಗೆ ಬರಲೂ ಆಗುವುದಿಲ್ಲ. ಇದನ್ನು ಪ್ರವಾಸಿಗಳಿಗೆ ಏರ್ಪಡಿಸಿದ ಆಟ ಅಂದುಕೊಳ್ಳಬೇಡಿ. ಊರಿನವರಿಗೆ ಅದು ವರ್ಷವಿಡೀ ನಡೆಯುವ ಬದುಕು. ಯಾವುದೋ ಸಂಜೆ ಓಣಿಯೊಳಗಿಂದ ತಮಟೆಯಂಥ ಸದ್ದು ಬರುತ್ತದೆ. ಹೋಗಿ ನೋಡಿದರೆ ಹನ್ನೆರಡು ಹದಿಮೂರು ವರ್ಷದ ಹುಡುಗರು ಡೋಲು ಬಾರಿಸುವುದನ್ನು, ಬಾವುಟ ಎಸೆದು ಹಿಡಿಯುವುದನ್ನು ಕಲಿಯುತ್ತಿರುತ್ತಾರೆ. ಒಬ್ಬ ದೊಡ್ಡವನು ಪಕ್ಕದಲ್ಲಿ ನಿಂತು ತಿದ್ದುತ್ತಿರುತ್ತಾನೆ. ನೋಡುವವರು ಇದ್ದಾರೋ ಇಲ್ಲವೋ ಅವರಿಗೆ ಲೆಕ್ಕವಿಲ್ಲ. ಮೂರು ಗಂಟೆಯ ಬಸ್ಸಿನವರಿಗೆ ಸಿಗದೇ ಹೋಗುವುದು ಇದೇ.

ಮರುದಿನ ಬೆಳಗ್ಗೆ ಅಮ್ಮನಿಗಾಗಿ ಒಂದು ಉಪಾಯ. ಹೋಟೆಲಿನವರಿಗೆ ಹೇಳಿ ಟ್ಯಾಕ್ಸಿ ಕರೆಸಿ, ಕೆಳಗಿನ ಫೋಂತೆಬ್ರಾಂದಾಗೆ ಇಳಿಯಿರಿ. 1246ರಲ್ಲಿ ಕಟ್ಟಿದ, ದೊಡ್ಡ ಇಟ್ಟಿಗೆ ಕಮಾನುಗಳ ನೀರಿನ ಮನೆ ಇದು. ಇಲ್ಲಿ ಮೊದಲ ತೊಟ್ಟಿಯ ನೀರು ಕುಡಿಯಲು. ಅದು ತುಂಬಿ ಹರಿದದ್ದು ಮುಂದಿನ ತೊಟ್ಟಿಗೆ, ದನಕರುಗಳಿಗೆ. ಅದೂ ಮಿಕ್ಕಿದ್ದು ಬಟ್ಟೆ ಒಗೆಯಲು. ನಿಮ್ಮ ತಾಯಿಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ, ನೋಡಿದ ತಕ್ಷಣ ಅರ್ಥವಾಗುತ್ತದೆ. ಹತ್ತಿರದಲ್ಲೇ ಸಂತ ಕ್ಯಾಥರೀನ್ ಹುಟ್ಟಿದ ಮನೆ. ಬಟ್ಟೆಗೆ ಬಣ್ಣ ಹಾಕುವವನ ಮಗಳು. 1347ರಲ್ಲಿ ಹುಟ್ಟಿದಳು, ಅಂದರೆ ಪ್ಲೇಗಿಗೆ ಒಂದು ವರ್ಷ ಮೊದಲು. ಪೋಪರಿಗೇ ಪತ್ರ ಬರೆದು ಬುದ್ಧಿ ಹೇಳಿದವಳು. 33 ವರ್ಷಕ್ಕೆ ತೀರಿಕೊಂಡಳು. ಇವತ್ತು ಇಡೀ ಇಟಲಿಯನ್ನು ಕಾಯುವ ಸಂತರಲ್ಲಿ ಅವಳೂ ಒಬ್ಬಳು.

ಅಲ್ಲಿಂದ ಕೋಟೆಬಾಗಿಲು ದಾಟಿ ಸ್ವಲ್ಪ ಹೊರಗೆ ನಡೆದರೆ ಎಸ್ಕಲೇಟರ್ ಸಿಗುತ್ತದೆ. ಅದು ಬೆಟ್ಟದ ಒಡಲೊಳಗಿಂದ ಕೆಥೆಡ್ರಲ್ ಹತ್ತಿರಕ್ಕೆ ತಂದು ಬಿಡುತ್ತದೆ. ಮಂಡಿನೋವಿನವರು ಆ ಏರನ್ನು ನಡೆದು ಹತ್ತಬಾರದು, ನಿಜವಾಗಿಯೂ ಕಡಿದಾಗಿದೆ.

ಕೆಥೆಡ್ರಲಿಗೆ ಎಲ್ಲ ಸೇರಿಸಿದ ಪಾಸ್ ತೆಗೆದುಕೊಳ್ಳಿ. ಕೆಥೆಡ್ರಲ್, ಪಿಕ್ಕೊಲೋಮಿನಿ ಲೈಬ್ರರಿ, ಮ್ಯೂಸಿಯಂ, ಆ ಒಂಟಿ ಗೋಡೆ ಎಲ್ಲ ಅದರಲ್ಲೇ ಬರುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಭಾನುವಾರ ಬೆಳಗ್ಗೆ ಪೂಜೆ ಇರುವುದರಿಂದ ಪ್ರವಾಸಿಗಳಿಗೆ ಮಧ್ಯಾಹ್ನದ ಮೇಲೆ ಮಾತ್ರ ಪ್ರವೇಶ. ನೀವು ಹೋಗುವ ತಿಂಗಳು ಅದೃಷ್ಟದ್ದು. ಕೆಥೆಡ್ರಲಿನ ನೆಲ ಪೂರ್ತಿ ಅಮೃತಶಿಲೆ ಕೂರಿಸಿ ಮಾಡಿದ 56 ಚಿತ್ರಗಳು. ವರ್ಷದ ಬಹುಪಾಲು ಅದನ್ನು ಮುಚ್ಚಿಟ್ಟಿರುತ್ತಾರೆ. ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ತೆರೆದಿರುತ್ತದೆ. ಆ ವರ್ಷದ ದಿನಾಂಕ ಒಮ್ಮೆ ನೋಡಿಕೊಳ್ಳಿ. ಕಪ್ಪು ಬಿಳಿ ಪಟ್ಟೆಯ ಕಂಬಗಳು ಕಣ್ಣು ಸೆಳೆಯುತ್ತವೆ, ಆದರೂ ಕಣ್ಣು ನೆಲದ ಮೇಲಿರಲಿ. ಲೈಬ್ರರಿ ಸಣ್ಣದು. ಪಿಂತುರಿಕ್ಕಿಯೋ ಬರೆದ ಬಣ್ಣಗಳು ಐನೂರು ವರ್ಷದ ಮೇಲೂ ನಿನ್ನೆ ಹಚ್ಚಿದ ಹಾಗಿವೆ.

ಮ್ಯೂಸಿಯಂನಲ್ಲಿ ದುಚ್ಚೋ ಎನ್ನುವ ಕಲಾವಿದ ಬರೆದ, ಯೇಸುವಿನ ತಾಯಿ ಮೇರಿಯ ದೊಡ್ಡ ಚಿತ್ರ ಇದೆ. 1311ರ ಜೂನ್ 9ರಂದು ಅದನ್ನು ಚಿತ್ರಕಾರನ ಮನೆಯಿಂದ ಕೆಥೆಡ್ರಲಿಗೆ ಮೆರವಣಿಗೆಯಲ್ಲಿ ಹೊತ್ತು ತಂದರು. ಅವತ್ತು ಊರಿನ ಅಂಗಡಿ ಎಲ್ಲ ಮುಚ್ಚಿ, ಗಂಟೆ ಬಾರಿಸಿ, ಜನ ಮೇಣದ ಬತ್ತಿ ಹಿಡಿದು ಹಿಂದೆ ನಡೆದರು. ತೇರಿನ ದಿನ ನೋಡಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಮ್ಯೂಸಿಯಂ ಒಳಗಿನಿಂದಲೇ ಒಂಟಿ ಗೋಡೆಯ ಮೇಲಕ್ಕೆ ದಾರಿ. ಸುತ್ತುಮೆಟ್ಟಿಲು ಇಕ್ಕಟ್ಟು, ಅಮ್ಮ ಕೆಳಗೆ ಕೂತಿರಲಿ. ನೀವು ಮಗಳನ್ನು ಕರೆದುಕೊಂಡು ಹತ್ತಿ. ಗೋಪುರದ ಅರ್ಧ ಶ್ರಮವೂ ಇಲ್ಲ. ಜೊತೆಗೆ ಗೋಪುರವೇ ಎದುರಿಗೆ ಕಾಣುತ್ತದೆ, ಅದರ ಮೇಲೆ ನಿಂತವರಿಗೆ ಅದು ಕಾಣುವುದಿಲ್ಲವಲ್ಲ.

ಕೊನೆಗೆ ಕೆಥೆಡ್ರಲ್ ಎದುರಿನ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ. ಬಹಳ ಜನ ಬಾಗಿಲವರೆಗೆ ಬಂದು ತಿರುಗುತ್ತಾರೆ, ನನಗೆ ಸಂಕಟವಾಗುತ್ತದೆ. ಇದು ಯಾತ್ರಿಕರಿಗಾಗಿ ಕಟ್ಟಿದ ಆಸ್ಪತ್ರೆ. ಯೂರೋಪಿನ ತೀರಾ ಹಳೆಯವುಗಳಲ್ಲಿ ಒಂದು. 20ನೇ ಶತಮಾನದಲ್ಲೂ ಇಲ್ಲಿ ರೋಗಿಗಳಿದ್ದರು. ಈಗ ಮ್ಯೂಸಿಯಂ. ಪೆಲ್ಲೆಗ್ರಿನಾಯೋ ಎನ್ನುವ ಉದ್ದನೆಯ ಹಾಲಿನಲ್ಲಿ 1440ರ ದಶಕದ ಗೋಡೆಚಿತ್ರಗಳಿವೆ, ವಿಷಯ ಆಸ್ಪತ್ರೆಯ ದಿನಚರಿಯೇ. ಒಂದರಲ್ಲಿ ತೊಡೆಗೆ ಆಳವಾದ ಗಾಯ ಆದ ಹುಡುಗ ಕೂತಿದ್ದಾನೆ, ಕಾಲು ತೊಳೆಯುತ್ತಿದ್ದಾರೆ. ವೈದ್ಯರಿಬ್ಬರು ಗಾಜಿನ ಬುರುಡೆಯಲ್ಲಿ ಮೂತ್ರ ಎತ್ತಿ ಹಿಡಿದು ನೋಡುತ್ತಿದ್ದಾರೆ. ಕೆಳಗೆ ನಾಯಿ ಬೆಕ್ಕು ಕಚ್ಚಾಡುತ್ತಿವೆ. ಹಾಸಿಗೆಯಲ್ಲಿ ಮಲಗಿದ ರೋಗಿ ಮೇಲೆ ನೋಡಿದರೆ ತನ್ನಂಥವನನ್ನೇ ನೋಡುತ್ತಿದ್ದ. ಫೋಂತೆ ಗಾಯಾದ ಮೂಲ ಶಿಲ್ಪಗಳೂ ಇದೇ ಕಟ್ಟಡದಲ್ಲಿವೆ. ಒಳಗೆ ಲಿಫ್ಟ್ ಇದೆ, ಅಲ್ಲಲ್ಲಿ ಕೂರಲು ಜಾಗ ಇದೆ, ಗದ್ದಲ ಇಲ್ಲ. ಅಮ್ಮನಿಗೆ ಕಾಲು ಸೋತಿದ್ದರೆ ಉಳಿದದ್ದು ಬಿಟ್ಟರೂ ಇದನ್ನು ಬಿಡಬೇಡಿ.

ಸಾನ್ ಜಿಮಿನ್ಯಾನೋ ಎನ್ನುವ ಊರೂ ಹತ್ತಿರ ಅಂತ ಯಾರಾದರೂ ಹೇಳಿದರೆ ಈ ಸಲ ಬೇಡ.

ಹೊರಡುವಾಗ ಊರಿಗೆ ಒಯ್ಯಲು ಪಾನ್‌ಫೋರ್ತೆ ತೆಗೆದುಕೊಳ್ಳಿ. ಬಾದಾಮಿ, ಜೇನು, ಸಕ್ಕರೆಪಾಕದ ಹಣ್ಣು, ದಾಲ್ಚಿನ್ನಿ, ಲವಂಗ ಹಾಕಿ ಒತ್ತಿ ಮಾಡಿದ ಗಟ್ಟಿ ಸಿಹಿ. ಮೊಟ್ಟೆ ಇಲ್ಲ. ಅದರ ಹಳೆಯ ರೂಪಕ್ಕೆ ಕರಿಮೆಣಸೂ ಬೀಳುತ್ತದೆ, ಪಾನ್‌ಪೆಪಾತೋ ಎಂದು ಕೇಳಿ. ಆ ಕಾಲದಲ್ಲಿ ಯೂರೋಪಿಗೆ ಮೆಣಸು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ಪಶ್ಚಿಮ ಕರಾವಳಿಯಿಂದಲೇ. ಬಿಳಿ ಪುಡಿ ಉದುರಿಸಿದ ರಿಚ್ಚಾರೆಲ್ಲಿ ಬಿಸ್ಕತ್ತು ಚೆಂದ ಕಾಣುತ್ತದೆ, ಆದರೆ ಅದಕ್ಕೆ ಮೊಟ್ಟೆಯ ಬಿಳಿ ಹಾಕುತ್ತಾರೆ, ಅಮ್ಮನಿಗೆ ಕೊಡಬೇಡಿ. ಜೆಲಾತೋದಲ್ಲೂ ಎಷ್ಟೋ ಬಗೆಗೆ ಮೊಟ್ಟೆ ಬೀಳುತ್ತದೆ. ಹಣ್ಣಿನ ಸೊರ್ಬೆತ್ತೋ ಕೇಳಿದರೆ ಸಾಮಾನ್ಯವಾಗಿ ಹಾಲೂ ಇರುವುದಿಲ್ಲ, ಮೊಟ್ಟೆಯೂ ಇರುವುದಿಲ್ಲ, ಆದರೂ ಒಂದು ಮಾತು ಕೇಳಿಕೊಳ್ಳಿ. ಪಾನ್‌ಫೋರ್ತೆ ತುಂಬ ದಿನ ಕೆಡುವುದಿಲ್ಲ. ತೆಳ್ಳಗೆ ಹೋಳು ಮಾಡಿ, ಮೈಸೂರಿಗೆ ಬಂದ ಮೇಲೆ ಕಾಫಿ ಜೊತೆ ತಿನ್ನಿ.